ಮಡಿಕೇರಿ ಕಡೆಯ ಮಳೆಯಲ್ಲಿ ಜೀಪ್ ಶೆಡ್: ಕಟ್ಟಿಗೆ ಒಲೆ, ಡೀಹ್ಯೂಮಿಡಿಫೈಯರ್, ಪಫ್ ಶೀಟ್ – ಹಲವು ಮಳೆಗಾಲ ಬಳಸಿದ ಮೇಲಿನ ವಿಮರ್ಶೆ

ಶೆಡ್ 24×16 ಅಡಿ, ಎತ್ತರ 10 ಅಡಿ. ಆರಿಂಚು ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ 50 ಮಿ.ಮೀ. ಪಫ್ ಶೀಟ್ (ಎರಡು ತಗಡಿನ ನಡುವೆ ಫೋಮ್ ತುಂಬಿದ್ದು), ಮುಂದೆ ಎರಡು ರೆಕ್ಕೆಯ ಕಬ್ಬಿಣದ ಬಾಗಿಲು. ಒಳಗೆ ನಡೆಯುವುದು ಹಳೆ ಜೀಪುಗಳ ಕೆಲಸ: ವಿಲ್ಲೀಸ್, ಎಂಎಂ 540, ಮೇಜರ್. ಚಾಸಿ ವೆಲ್ಡಿಂಗ್, ಟಿಂಕರಿಂಗ್, ಬ್ರೇಕು, ಗೇರ್‌ಬಾಕ್ಸ್, ಒಮ್ಮೊಮ್ಮೆ ಪೇಂಟು. ಕುಶಾಲನಗರದ ಕಡೆಯವರಿಗೆ ಇಲ್ಲಿ ಹೇಳುವುದರಲ್ಲಿ ಅರ್ಧ ಬೇಕಾಗಲಿಕ್ಕಿಲ್ಲ, ಅಲ್ಲಿ ಮಳೆಯೇ ಕಡಿಮೆ. ಭಾಗಮಂಡಲ, ನಾಪೋಕ್ಲು, ಸೋಮವಾರಪೇಟೆಯ ಘಟ್ಟದ ಬದಿಯವರು ಪೂರ್ತಿ ಓದಿ.

ಗ್ಯಾರೇಜಿಗೆ ಯಾವ ಹೀಟರ್ ಒಳ್ಳೆಯದು ಎಂದು ಕೇಳುವವರ ತಲೆಯಲ್ಲಿ ಡಿಸೆಂಬರ್ ಚಳಿ ಇರುತ್ತದೆ. ಬೆಳಗ್ಗೆ 10–12 ಡಿಗ್ರಿ, ಸ್ವೆಟರ್ ಹಾಕಿದರೆ ಮುಗಿಯಿತು. ಜೀಪನ್ನು ತಿನ್ನುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿ. ಗಾಳಿಯ ತೇವಾಂಶ ಶೇ 60 ದಾಟಿದರೆ ತುಕ್ಕು ಜೋರಾಗುತ್ತದೆ. ಇಲ್ಲಿ ವಾರಗಟ್ಟಲೆ ಅದು 90ರ ಮೇಲೆಯೇ ಕೂತಿರುತ್ತದೆ. ಹಾಗಾಗಿ ಶೆಡ್‌ಗೆ ತರುವ ಪ್ರತಿ ಉಪಕರಣದ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಒಳಗಿನ ನೀರನ್ನು ಹೊರಗೆ ಹಾಕುತ್ತದೆಯೋ, ಇಲ್ಲ ಇನ್ನಷ್ಟು ಸೇರಿಸುತ್ತದೆಯೋ?

ಈ ಪ್ರಶ್ನೆಗೆ ಗ್ಯಾಸ್ ಹೀಟರ್ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 1.6 ಕೆಜಿ ನೀರಿನ ಆವಿ ಹುಟ್ಟುತ್ತದೆ. ಕೊಳವೆಯಿಲ್ಲದ ಗ್ಯಾಸ್ ಹೀಟರ್ ಅದಷ್ಟನ್ನೂ ಶೆಡ್‌ನೊಳಗೇ ಬಿಡುತ್ತದೆ. ಕೈಗೆ ಬೆಚ್ಚಗೆ ಅನಿಸುತ್ತದೆ, ಅದೇ ಹೊತ್ತಿಗೆ ತಣ್ಣಗಿರುವ ಎಂಜಿನ್ ಬ್ಲಾಕಿನ ಮೇಲೆ ಬೆವರು ಕೂರುತ್ತದೆ. ಸೀಮೆಎಣ್ಣೆ ಹೀಟರಿನ ಕಥೆಯೂ ಇದೇ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಪಾಯ ಬೇರೆ. 5ಕ್ಕೆ 1 ಅಂಕ, ಅದೂ ತುಂಬಾ ಹಗುರ ಎಂಬ ಕಾರಣಕ್ಕೆ. ಕರೆಂಟಿನ ಆಯಿಲ್ ರೇಡಿಯೇಟರ್ ನೀರು ಸೇರಿಸುವುದಿಲ್ಲ, ಆದರೆ 2 ಕಿಲೋವ್ಯಾಟ್‌ನದು ಐದು ಗಂಟೆಗೆ 10 ಯೂನಿಟ್ ಎಳೆಯುತ್ತದೆ. ಸಣ್ಣ ಕೋಣೆಗೆ ಸರಿ, ಶೆಡ್‌ಗೆ ಸಾಲದು.

ಇನ್ನು ಕಟ್ಟಿಗೆ ಒಲೆ. ಇದಕ್ಕೆ ನನ್ನ ಮಟ್ಟಿಗೆ 4.5, ಆದರೆ ಹೇಗೆ ಕೂರಿಸುತ್ತೀರಿ ಎಂಬುದರ ಮೇಲೆ ಅದು 1ಕ್ಕೂ ಇಳಿಯಬಹುದು.

ನಮ್ಮ ಬಚ್ಚಲುಮನೆಯ ಹಂಡೆ ಒಲೆಯ ಹಾಗೆ ಇದರ ಬಾಯಿ ಗೋಡೆಯ ಹೊರಗಿರಬೇಕು, ಮೈ ಮಾತ್ರ ಒಳಗೆ. ಕಟ್ಟಿಗೆ ಹಾಕುವುದು, ಬೂದಿ ತೆಗೆಯುವುದು, ಬೆಂಕಿಗೆ ಗಾಳಿ ಸಿಗುವುದು ಎಲ್ಲ ಹೊರಗಿನ ಜಗಲಿಯಿಂದ. ಪಡುವಣ ಬದಿಗೆ ಬಾಯಿ ಇಟ್ಟರೆ ಎರಚಲು ಹೊಡೆದು ಬೆಂಕಿಯೇ ಹತ್ತದು. ಪೂರ್ವ ಅಥವಾ ಉತ್ತರ ಗೋಡೆ ಆರಿಸಿ. ಪೆಟ್ಟಿಗೆಯನ್ನು 6 ಮಿ.ಮೀ. ಪ್ಲೇಟಿನಲ್ಲಿ ಮಾಡಿಸಿ, ಉದ್ದ 2 ಅಡಿ, ಅಗಲ ಮತ್ತು ಎತ್ತರ 16 ಇಂಚು. ತಳಕ್ಕೂ, ಪಕ್ಕಗಳಲ್ಲಿ ಆರಿಂಚು ಎತ್ತರದವರೆಗೂ ಬೆಂಕಿ ಇಟ್ಟಿಗೆ. 200 ಲೀಟರ್ ಡ್ರಮ್ಮಿನ ಒಲೆ ಅಗ್ಗ, ಆದರೆ ಅದರ ತಗಡು ಬರಿ ಒಂದು ಮಿ.ಮೀ. ಆಸುಪಾಸು. ಬಳಸದೆ ಇಟ್ಟಾಗ ತುಕ್ಕು ತಿಂದು, ಉರಿಸಿದಾಗ ಕೆಂಪಗೆ ಕಾದು ತೂತಾಗುತ್ತದೆ. ಹಳೆ ಗ್ಯಾಸ್ ಸಿಲಿಂಡರ್ ಕೊರೆದು ಒಲೆ ಮಾಡುವವರಿದ್ದಾರೆ. ಅದು ಕಂಪನಿಯ ಸ್ವತ್ತು, ಒಳಗೆ ಉಳಿದ ಅನಿಲಕ್ಕೆ ಗ್ರೈಂಡರಿನ ಕಿಡಿ ಸಾಕು. ಬೇಡ.

ಒಲೆಯನ್ನು ನೆಲದಿಂದ ಕನಿಷ್ಠ 18 ಇಂಚು ಎತ್ತರದ ಕಟ್ಟೆಯ ಮೇಲೆ ಕೂರಿಸಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಿದು ಬರುತ್ತದೆ. ಹೀಗೆಲ್ಲ ಮಾಡಿದ ಮಾತ್ರಕ್ಕೆ ಒಲೆ ಕಾದಿರುವಾಗ ಟ್ಯಾಂಕ್ ಬಿಚ್ಚಬಹುದು, ಕಾರ್ಬ್ಯುರೇಟರ್ ತೊಳೆಯಬಹುದು ಎಂದಲ್ಲ. ಅವನ್ನು ಹೊರಗೆ ಮಾಡಿ, ಒಲೆಯ ಬಾಯಿ ಇರುವ ಜಗಲಿಯಲ್ಲಲ್ಲ, ಅದರ ಎದುರು ಬದಿಯಲ್ಲಿ. ಒಲೆಯ ಸುತ್ತ ಒಂದೂವರೆ ಅಡಿ ದೂರದಲ್ಲಿ ಜಾಲರಿ ಹಾಕಿಸಿದರೆ ಎಣ್ಣೆಬಟ್ಟೆ ಬಿದ್ದು ಹತ್ತಿಕೊಳ್ಳುವುದು ತಪ್ಪುತ್ತದೆ.

ಹೊಗೆ ಕೊಳವೆ 6 ಇಂಚು. ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ಒಲೆಗೆ ತಾಗಿದಂತೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಹಾಕುವುದು. ಅತಿಯಾಗಿ ಕಾದರೆ ಸತುವಿನ ಹೊಗೆ ಬರುತ್ತದೆ, ಅದು ಎದೆಗೆ ಒಳ್ಳೆಯದಲ್ಲ. ಒಳಗೆ 2 ಮಿ.ಮೀ. ಎಂಎಸ್ (ಸಾದಾ ಉಕ್ಕು), ಹೊರಗೆ ಮಳೆಗೆ ಒಡ್ಡುವ ಭಾಗಕ್ಕೆ ಎಸ್ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಸರಿ. ಇನ್ನೊಂದು, ಕೊಳವೆಯನ್ನು ಪಫ್ ಶೀಟ್ ಕೊರೆದು ನೇರ ಮೇಲಕ್ಕೆ ಒಯ್ಯುವುದು. ಪಫ್ ಉರಿಯುವ ವಸ್ತು. ಕೊಳವೆಯನ್ನು ಬ್ಲಾಕ್ ಗೋಡೆಯ ಮೂಲಕ 10 ಇಂಚಿನ ತೋಳಿನೊಳಗೆ ಹಾಯಿಸಿ, ನಡುವೆ ಬೆಂಕಿ ಹತ್ತದ ರಾಕ್‌ವೂಲ್ (ಕಲ್ಲಿನ ನಾರು) ತುಂಬಿ, ಹೊರಗಿನಿಂದ ಮೇಲೇರಿಸಿ. ಅದು ಸೂರನ್ನು ದಾಟುವ ಜಾಗದಲ್ಲಿ ಪಫ್ ಬೇಡ, ಬರಿ ಶೀಟ್ ಹಾಕಿ. ಕೊಳವೆಯ ತುದಿ, ಸುತ್ತ ಹತ್ತು ಅಡಿ ದೂರದೊಳಗೆ ಮಾಡಿನ ಯಾವ ಭಾಗವಿದ್ದರೂ ಅದಕ್ಕಿಂತ ಎರಡಡಿ ಮೇಲಿರಬೇಕು. ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ತಿರುಗಿ ಬರುತ್ತದೆ. ಮೇಲಿನ ತುಂಡು ಕೆಳಗಿನದರ ಒಳಗೆ ಕೂರಬೇಕು; ಉಲ್ಟಾ ಜೋಡಿಸಿದರೆ ಕರಿಜಿಡ್ಡು ಸಂದಿಯಿಂದ ಹೊರಗೆ ಸೋರಿ ಗೋಡೆಯೆಲ್ಲ ಕಪ್ಪು.

ಕಟ್ಟಿಗೆಗೆ ಕೊಡಗಿನಲ್ಲಿ ಬರವಿಲ್ಲ, ಒಣ ಕಟ್ಟಿಗೆಗೆ ಇದೆ. ಕಿತ್ತ ಕಾಫಿ ಗಿಡದ ಕಾಂಡ ನಿಧಾನ ಉರಿಯುತ್ತದೆ, ಕೆಂಡ ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಆರಂಭಕ್ಕೆ ಒಳ್ಳೆಯದು. ಕೊಯ್ಲು ಮುಗಿದ ಮೇಲೆ ಸೀಳಿ, ಏಪ್ರಿಲ್ ಬಿಸಿಲು ತೋರಿಸಿ, ಮೇ ಮಳೆ ಬೀಳುವ ಮೊದಲು ಸೂರಿನಡಿ ಸೇರಿಸಬೇಕು. ರಾಶಿ ನೆಲದಿಂದ ಒಂದಡಿ ಮೇಲಿರಲಿ, ಇಲ್ಲವಾದರೆ ಗೆದ್ದಲೂ ಹಾವೂ ಬಾಡಿಗೆ ಕೊಡದೆ ವಾಸ ಮಾಡುತ್ತವೆ. ಒಣಗಿದ ಕಟ್ಟಿಗೆಯ ಒಂದು ಕೆಜಿಯಲ್ಲಿ ಸುಮಾರು 4 ಕಿಲೋವ್ಯಾಟ್-ಗಂಟೆ ಶಾಖ ಇರುತ್ತದೆ, ಇಂಥ ಒಲೆಯಲ್ಲಿ ಅದರ ಅರ್ಧ ಶೆಡ್‌ಗೆ ದಕ್ಕಿದರೆ ಹೆಚ್ಚು.

ಈಗ ಲೆಕ್ಕ. ಈ ಅಳತೆಯ ಶೆಡ್ಡನ್ನು ಹೊರಗಿಗಿಂತ 10 ಡಿಗ್ರಿ ಬೆಚ್ಚಗಿಡಲು ಬರಿ ಶೀಟಿನಡಿ ಸುಮಾರು ನಾಲ್ಕೂವರೆ ಕಿಲೋವ್ಯಾಟ್ ಬೇಕು. ಪಫ್ ಶೀಟಿನಡಿ ಎರಡೂವರೆ. ಅಂದರೆ ಗಂಟೆಗೆ ಎರಡು ಕೆಜಿಗಿಂತ ಹೆಚ್ಚು ಕಟ್ಟಿಗೆ ಕೇಳುತ್ತಿದ್ದದ್ದು ಒಂದೂವರೆ ಕೆಜಿಯೊಳಗೆ ನಿಲ್ಲುತ್ತದೆ. ಪಫ್ ಶೀಟ್ ಬರಿ ಶೀಟಿಗಿಂತ ಎರಡು-ಮೂರು ಪಟ್ಟು ದುಬಾರಿ, ಆದರೂ ಅದಕ್ಕೆ ಕೊಟ್ಟ ದುಡ್ಡು ಶಾಖಕ್ಕಿಂತ ಹೆಚ್ಚಾಗಿ ಇನ್ನೊಂದಕ್ಕೆ ಸಾರ್ಥಕ: ಜನವರಿಯ ತಿಳಿ ಆಕಾಶದ ರಾತ್ರಿಗಳಲ್ಲಿ ಬರಿ ಶೀಟಿನ ಅಡಿಭಾಗ ಬೆವರಿ, ಬೆಳಗ್ಗೆ ಹನಿಹನಿಯಾಗಿ ಬಾನೆಟ್ಟಿನ ಮೇಲೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಹಂಚಿನ ಮಾಡಿನಲ್ಲಿ ಈ ತೊಂದರೆ ಕಡಿಮೆ, ಆದರೆ ಸಂದಿಗಳಿಂದ ಗಾಳಿ ಹಾಯುವುದರಿಂದ ಡೀಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರಿ ನೀರಾಗಿಸುವ ಕರೆಂಟಿನ ಯಂತ್ರ) ಮಾತೇ ಇಲ್ಲ.

ಹೊರಗಿನ 18 ಡಿಗ್ರಿಯ, ಶೇ 95 ತೇವದ ಗಾಳಿಯನ್ನು 25ಕ್ಕೆ ಬಿಸಿ ಮಾಡಿದರೆ ತೇವಾಂಶ ಶೇ 62ರ ಹತ್ತಿರ ಇಳಿಯುತ್ತದೆ. ನೀರು ಎಲ್ಲೂ ಹೋಗಿಲ್ಲ, ಗಾಳಿಗೆ ಹಿಡಿಯುವ ಶಕ್ತಿ ಹೆಚ್ಚಿದೆ ಅಷ್ಟೆ. ಆ ಗಾಳಿ ಚಾಸಿಯ ಒದ್ದೆಯನ್ನು ಎತ್ತಿಕೊಂಡು ಹೊರಗೆ ಹೋಗಬೇಕು. ಅದಕ್ಕೆ ಗೋಡೆಯ ಕೆಳಗೊಂದು, ತುದಿಯಲ್ಲೊಂದು 6×6 ಇಂಚಿನ ಕಿಂಡಿ, ಎರಡಕ್ಕೂ ಮುಚ್ಚುವ ಫಲಕ. ಒಲೆ ಉರಿಯುವಾಗ ಕಿಂಡಿ ತೆರೆದಿರಬೇಕು. ಕಿಂಡಿ ಮುಚ್ಚಿ ಒಲೆ ಉರಿಸಿದರೆ ಹಗಲು ಒಣಗಿದಂತೆ ಕಂಡದ್ದು ರಾತ್ರಿ ಶೆಡ್ ತಣ್ಣಗಾದ ಕೂಡಲೇ ಮತ್ತೆ ಕಬ್ಬಿಣದ ಮೇಲೆ ಕೂರುತ್ತದೆ.

ಡೀಹ್ಯೂಮಿಡಿಫೈಯರಿಗೆ ಇದರ ತದ್ವಿರುದ್ಧ. ಕಿಂಡಿ, ಬಾಗಿಲ ಸಂದಿ, ಶೀಟು-ಗೋಡೆ ಸೇರುವ ಏಣುಗಳೆಲ್ಲ ಮುಚ್ಚಿರಬೇಕು. ಒಳಗೆ 20 ಡಿಗ್ರಿ, ಶೇ 55 ಬೇಕೆಂದರೆ, ಎರಡು ಗಂಟೆಗೊಮ್ಮೆ ಗಾಳಿ ಬದಲಾಗುವಷ್ಟು ಬಿಗಿಯಾದ ಶೆಡ್‌ನಲ್ಲಿ ದಿನಕ್ಕೆ ಆರೂವರೆ ಲೀಟರ್ ನೀರು ತೆಗೆಯಬೇಕು. ಗಂಟೆಗೊಮ್ಮೆ ಬದಲಾದರೆ ಹದಿಮೂರು. ಡಬ್ಬಿಯ ಮೇಲೆ ದಿನಕ್ಕೆ 20 ಲೀಟರ್ ಎಂದು ಬರೆದಿರುತ್ತದಲ್ಲ, ಅದು ಸಾಮಾನ್ಯವಾಗಿ 30 ಡಿಗ್ರಿ, ಶೇ 80ರಲ್ಲಿ ಅಳೆದದ್ದು. ನಮ್ಮ 20 ಡಿಗ್ರಿಯಲ್ಲಿ ಅರ್ಧವೂ ಬರದು. ಆದ್ದರಿಂದ ದೊಡ್ಡ ಯಂತ್ರ ಕೊಳ್ಳುವ ಮೊದಲು ಬಾಗಿಲಿಗೆ ರಬ್ಬರ್ ಪಟ್ಟಿ, ಏಣುಗಳಿಗೆ ಫೋಮ್ ಹಾಕಿಸಿ. ರೋಲಿಂಗ್ ಶಟರ್ ಇದ್ದರೆ ಈ ಯಂತ್ರ ತೆಗೆದುಕೊಳ್ಳಲೇಬೇಡಿ.

ಒಳ್ಳೆಯ ಗುಣ: ಕಾವಲು ಬೇಡ. ಟ್ಯಾಂಕಿನ ಬದಲು ಪೈಪ್ ಜೋಡಿಸಿ ಇಳಿಜಾರಿನಲ್ಲಿ ಹೊರಗೆ ಬಿಟ್ಟರೆ ವಾರವಾದರೂ ಮುಟ್ಟಬೇಕಿಲ್ಲ. ತನ್ನದೇ ಶಾಖದಿಂದ ಶೆಡ್ಡನ್ನು ಎರಡು ಡಿಗ್ರಿಯಷ್ಟು ಬೆಚ್ಚಗೂ ಮಾಡುತ್ತದೆ. 350 ವ್ಯಾಟಿನದು ದಿನಕ್ಕೆ 6–8 ಯೂನಿಟ್ ಎಳೆಯುತ್ತದೆ. ಕೆಟ್ಟ ಗುಣ: ಅದು ಹೆಚ್ಚು ಬೇಕಾದ ದಿನವೇ ಲೈನಿನ ಮೇಲೆ ಮರ ಬಿದ್ದು ಕರೆಂಟು ಇರುವುದಿಲ್ಲ. ಮನೆಯ 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿ ಇದನ್ನು ಮೂರು ಗಂಟೆ ಓಡಿಸಿದರೆ ಹೆಚ್ಚು. ಒಲೆ ಬೇಕೇಬೇಕು ಅನ್ನುವುದು ಇದಕ್ಕೇ. ಗ್ರೈಂಡಿಂಗ್ ದೂಳು, ಪುಟ್ಟಿ ದೂಳು ಕಾಯಿಲ್‌ಗೆ ಹತ್ತಿದರೆ ತೇವದ ಜೊತೆ ಸೇರಿ ಗಟ್ಟಿ ಪದರವಾಗುತ್ತದೆ. ಅಂಥ ಕೆಲಸ ನಡೆಯುವಾಗ ಆಫ್ ಮಾಡಿ ಮುಚ್ಚಿಡಿ. 15 ಡಿಗ್ರಿಗಿಂತ ಕೆಳಗೆ ಕಾಯಿಲಿನ ಮೇಲೆ ಮಂಜುಗಟ್ಟುತ್ತದೆ, ಆದರೆ ಆ ಚಳಿಯ ತಿಂಗಳಲ್ಲಿ ಗಾಳಿ ಹೇಗೂ ಒಣಗಿರುತ್ತದೆ. ಅಂಕ 3.5.

ತೇವಮಾಪಕ ನಂಬುವ ಮೊದಲು ಪರೀಕ್ಷಿಸಿ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು, ಕೆಸರಾಗುವಷ್ಟು ನೀರು, ಎರಡನ್ನೂ ಗಾಳಿಯಾಡದ ಡಬ್ಬದಲ್ಲಿ ಮಾಪಕದ ಜೊತೆ ಒಂದು ರಾತ್ರಿ ಇಟ್ಟರೆ ಶೇ 75 ತೋರಿಸಬೇಕು. 68 ತೋರಿಸಿದರೆ ಮಾಪಕಕ್ಕೆ ಏಳು ಸೇರಿಸಿ ಓದಿ.

ನೆಲದ ವಿಷಯ ಚಿಕ್ಕದು. ಸೋಲಿಂಗ್ (ಕಲ್ಲಿನ ಹಾಸು), ಅದರ ಮೇಲೆ 4 ಇಂಚು ಕಾಂಕ್ರೀಟ್ ಬೆಡ್, ಆಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಮೇಲೆ 5–6 ಇಂಚು ಎಂ20 ಕಾಂಕ್ರೀಟ್. ಹಾಳೆ ಬಿಟ್ಟರೆ ಆಗಸ್ಟ್‌ನಲ್ಲಿ ನೆಲವೇ ಬೆವರುತ್ತದೆ, ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಗುಂಡಿ ತೋಡಿ ಅಡಿಯಿಂದ ಕೆಲಸ ಮಾಡುವ ಯೋಚನೆ ಬಿಡಿ: ಮಳೆಗಾಲದಲ್ಲಿ ಒರತೆ ತುಂಬುತ್ತದೆ, ಬೇಸಗೆಯಲ್ಲಿ ಪೆಟ್ರೋಲ್ ಆವಿ. ರ‍್ಯಾಂಪ್ ಸಾಕು. ಜಾಗಕ್ಕಾಗಿ ಬರೆಯನ್ನು (ಗುಡ್ಡದ ಇಳಿಜಾರನ್ನು) ನೇರವಾಗಿ ಕಡಿಯಬೇಡಿ, 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪಡುವಣ ಬದಿಗೆ ಸೂರು ಮೂರಡಿ ಚಾಚಲಿ.

ಪೇಂಟಿಗೆ ಬಂದರೆ, ತಗಡಿನ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು. 20 ಡಿಗ್ರಿ, ಶೇ 90ರಲ್ಲಿ ಇಬ್ಬನಿ ಬಿಂದು 18.3, ತಗಡೂ 20ರಲ್ಲೇ ಇದ್ದರೆ ಹೊಡೆಯಬಾರದು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಬಿಳಿಚಿಕೊಳ್ಳುತ್ತದೆ, ಪಿಯು (ಪಾಲಿಯುರೆಥೇನ್) ಪೇಂಟಿನ ಹಾರ್ಡನರ್ ತೇವದೊಡನೆ ಕೂಡಿ ಗುಳ್ಳೆ ಏಳುತ್ತದೆ. ಬೆಳಗ್ಗೆ ಒಲೆ ಉರಿಸಿ ಚಾಸಿ ಕಾಯಿಸಿ, ಬೆಂಕಿ ಪೂರ್ತಿ ನಂದಿಸಿ, ಒಲೆಯ ಮೈ ತಣ್ಣಗಾದ ಮೇಲೆಯೇ ಗನ್ ಹಿಡಿಯಬೇಕು. ಥಿನ್ನರ್ ಆವಿಗೂ ಕೆಂಡಕ್ಕೂ ಸ್ನೇಹ ಬೇಡ. ಜುಲೈನಲ್ಲಿ ಎಪಾಕ್ಸಿ ಪ್ರೈಮರ್‌ವರೆಗೆ ನಿಲ್ಲಿಸಿ, ಮೇಲಿನ ಬಣ್ಣ ನವೆಂಬರ್ ನಂತರ ಇಟ್ಟುಕೊಳ್ಳುವುದು ಜಾಣತನ. ಉಜ್ಜಿದ ತಗಡಿಗೆ ಅದೇ ದಿನ ಎಪಾಕ್ಸಿ ಬೀಳಬೇಕು, ಪುಟ್ಟಿ ಅದರ ಮೇಲೆ. ಬರಿ ತಗಡಿನ ಮೇಲೆ ಹಚ್ಚಿದ ಪುಟ್ಟಿ ನೀರು ಕುಡಿದು ಉಬ್ಬುತ್ತದೆ. ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನವೂ ಬಿಡಿ.

ವೆಲ್ಡಿಂಗ್ ರಾಡುಗಳಲ್ಲಿ 6013 ಆದರೆ 100 ಡಿಗ್ರಿಯ ಓವನ್ನಿನಲ್ಲಿ ಒಂದು ಗಂಟೆ ಒಣಗಿಸಿದರೆ ಆಯಿತು. 7018ಕ್ಕೆ 300–350 ಡಿಗ್ರಿ ಬೇಕು. ಅದಿಲ್ಲದೆ ಥಂಡಿ ಹಿಡಿದ 7018 ಬಳಸಿದರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರಿ ಆಮೇಲೆ ಬಿರುಕು ಬಿಡುತ್ತದೆ. ಟೂಲ್ ಅಲ್ಮೇರಾದೊಳಗೆ 25 ವ್ಯಾಟಿನ ಹಳೆ ಕಾಲದ ತಂತಿ ಬಲ್ಬ್ ಒಂದು ಉರಿಯುತ್ತಿದ್ದರೆ ಸಾಕು: ಐದು ಡಿಗ್ರಿ ಏರಿಕೆಗೆ ಶೇ 90 ಇದ್ದದ್ದು 67ಕ್ಕೆ ಇಳಿಯುತ್ತದೆ, ಬೂಷ್ಟು ಹತ್ತದು. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ತೆರೆದ ಬ್ರೇಕ್ ಆಯಿಲ್ ಡಬ್ಬ ಮಾತ್ರ ಅಲ್ಮೇರಾದಲ್ಲೂ ಉಳಿಯದು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸತಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿಯಲ್ಲಿ, ನೀರು ಹೀರಿದ ಮೇಲೆ 140ಕ್ಕೆ ಇಳಿಯಬಹುದು. ಸಂಪಾಜೆ ಘಾಟಿ ಇಳಿಯುವ ಗಾಡಿಗೆ ಅರ್ಧ ಉಳಿದ ಡಬ್ಬದಿಂದ ಸುರಿಯಬೇಡಿ, ಸಣ್ಣ ಡಬ್ಬ ತಂದು ಮುಗಿಸಿ.

ಮಳೆಗಾಲ ಪೂರ್ತಿ ನಿಲ್ಲಿಸುವ ಜೀಪಿಗೆ ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಅಡೆ ಕೊಡಿ, ಇಲ್ಲದಿದ್ದರೆ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಹೊಗೆ ಕೊಳವೆಯನ್ನು ಒಲೆ ನಡೆಯುವ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಬ್ರಷ್ ಹಾಕಿ ಕೆರೆಯಿರಿ. ಕಟ್ಟಿಗೆ ಹಸಿಯಿದ್ದರೆ ಹದಿನೈದು ದಿನಕ್ಕೇ.