ಅಮ್ಮನ ಫೋನು, ನನ್ನ ಫೋನು, ಡ್ರಾಯರಿನ ಫೋನು: ಲಾಕ್ ತೆಗೆದದ್ದು ಯಾವುದಕ್ಕೆ ಲಾಯಕ್ಕಾಯ್ತು

ಮೊನ್ನೆ ಮಲ್ಪೆಯಿಂದ ಭಾವ ಫೋನ್ ಮಾಡಿದ್ರು. "ನನ್ನ ಫೋನಿಗೆ ಇನ್ನು ಅಪ್ಡೇಟ್ ಬರುದಿಲ್ಲ ಅಂತೆ, ನೀನು ಅದೆಂತದೋ ಬೇರೆ ಸಾಫ್ಟ್‌ವೇರ್ ಹಾಕ್ತಿಯಲ್ಲ, ನಂದಕ್ಕೂ ಹಾಕಿ ಕೊಡು" ಅಂತ. ನಾನು ಕೂಡ್ಲೇ ಹೂಂ ಹೇಳ್ಲಿಲ್ಲ, ಎರಡು ದಿನ ಕೊಡಿ ಭಾವ ಅಂದೆ. ಯಾಕೆಂದ್ರೆ ಕಳೆದ ಒಂದೂವರೆ ವರ್ಷದಲ್ಲಿ ಮನೆಯ ಬೇರೆ ಬೇರೆ ಫೋನುಗಳ ಮೇಲೆ ಈ ಎಲ್ಲಾ ದಾರಿಗಳನ್ನು ನಾನೇ ಮಾಡಿ ನೋಡಿದ್ದೇನೆ, ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ಪೂರ್ತಿ ತಪ್ಪಾಗಿತ್ತು. ಭಾವನಿಗೆ ಹೇಳ್ಬೇಕಾದದ್ದನ್ನೇ ಇಲ್ಲಿ ಬರೀತಿದ್ದೇನೆ, ಬೇರೆಯವರಿಗೂ ಬೇಕಾಗಬಹುದು.

ಮೊದಲು ಒಂದು ಹಳೇ ವಿಷಯ. ನಾನು ಮೊದಲ ಸಲ ಫೋನ್ ರೂಟ್ ಮಾಡಿದ್ದು (ಅಂದ್ರೆ ಕಂಪನಿ ಮುಚ್ಚಿಟ್ಟ ಸಿಸ್ಟಮ್ ಭಾಗವನ್ನೂ ಬದಲಿಸುವ ಅಧಿಕಾರ ತಕೊಂಡದ್ದು) ಕನ್ನಡ ಓದ್ಲಿಕ್ಕೆ. ಆಗಿನ ಆಂಡ್ರಾಯ್ಡಲ್ಲಿ ಕನ್ನಡ ಅಕ್ಷರ ಇರ್ಲೇ ಇಲ್ಲ, ಎಲ್ಲ ಕಡೆ ಚೌಕ ಚೌಕ ಡಬ್ಬ ಕಾಣ್ತಿತ್ತು, ಒಪೆರಾ ಮಿನಿಯಲ್ಲಿ ಬಿಟ್‌ಮ್ಯಾಪ್ ಫಾಂಟ್ ಅಂತ ಒಂದು ಸೆಟ್ಟಿಂಗ್ ಆನ್ ಮಾಡಿದ್ರೆ ಪೇಪರ್ ಓದ್ಲಿಕ್ಕೆ ಆಗ್ತಿತ್ತು, ಆದ್ರೆ ಮೆಸೇಜು, ಕಾಂಟ್ಯಾಕ್ಟು ಎಲ್ಲ ಡಬ್ಬವೇ. ರೂಟ್ ಮಾಡಿ ಸಿಸ್ಟಮ್ ಫೋಲ್ಡರಿಗೆ ಕನ್ನಡ ಫಾಂಟ್ ಹಾಕಿದ ದಿನ ಅಮ್ಮನ ಹೆಸರು ಕನ್ನಡದಲ್ಲಿ ಸ್ಕ್ರೀನ್ ಮೇಲೆ ಬಂದದ್ದು ನನಗೆ ಈಗಲೂ ನೆನಪುಂಟು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ ಅದರೊಳಗೇ ಬಂತು, ಆ ಕಾರಣ ಅಲ್ಲಿಗೆ ಮುಗೀತು. ಆಮೇಲೆ ನೋಡಿದ್ರೆ ಉಳಿದ ಕಾರಣಗಳೂ ಹೀಗೇ ಒಂದೊಂದಾಗಿ ಹೋದವು. ಜಾಹೀರಾತು ತಡೀಲಿಕ್ಕೆ ರೂಟ್ ಬೇಕಿತ್ತು, 2018ರ ಆಂಡ್ರಾಯ್ಡ್ 9ರಲ್ಲಿ ಪ್ರೈವೇಟ್ ಡಿಎನ್‌ಎಸ್ (ಸೈಟಿನ ಹೆಸರಿಂದ ಅದರ ವಿಳಾಸ ಹುಡುಕಿ ಕೊಡುವ ಸರ್ವರನ್ನು ನಾವೇ ಆರಿಸುವ ಸೆಟ್ಟಿಂಗ್) ಬಂತು, ಅಲ್ಲಿ ಜಾಹೀರಾತು ತಡೆಯುವ ಒಂದು ಡಿಎನ್‌ಎಸ್‌ನ ಹೆಸರು ಹಾಕಿದ್ರೆ ಅರ್ಧಕ್ಕಿಂತ ಹೆಚ್ಚು ನಿಂತು ಹೋಗ್ತದೆ. ಡಾರ್ಕ್ ಥೀಮ್ ಆಂಡ್ರಾಯ್ಡ್ 10ರಲ್ಲಿ, ಸ್ಕ್ರೀನ್ ರೆಕಾರ್ಡ್ 11ರಲ್ಲಿ. ಹಾಗಾಗಿ ಈಗ ಯಾರಾದ್ರೂ ರೂಟ್ ಮಾಡ್ಬೇಕಾ ಅಂತ ಕೇಳಿದ್ರೆ ನಾನು ಮೊದಲು ಕೇಳುದು "ಎಂತಕ್ಕೆ?" ಅಂತ.

ಒಂದನೇ ದಾರಿ, ಎಂತ ಒಡೆಯದೆ ಸೆಟ್ಟಿಂಗ್ಸ್ ಒಳಗಿಂದಲೇ ಆದಷ್ಟು ಸರಿ ಮಾಡುದು. ಇದನ್ನು ಒಂದು ತಿಂಗಳು ಅಮ್ಮನ ಫೋನಲ್ಲಿ ನೋಡಿದೆ. 3 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜಿನ ಸಾದಾ ಫೋನು. ಅಮ್ಮನಿಗೆ ಅದರಲ್ಲಿ ಬೇಕಾದದ್ದು ವಾಟ್ಸಾಪು, ಯಕ್ಷಗಾನದ ವಿಡಿಯೋ, ಅಕ್ಕನಿಗೆ ಕಾಲ್, ಅಷ್ಟೇ. ಆದ್ರೆ ಲಾಕ್ ಸ್ಕ್ರೀನಲ್ಲೇ ಜಾಹೀರಾತಿನ ಫೋಟೋ, ಬ್ರೌಸರಿಂದ ಗಂಟೆಗೊಂದು ನೋಟಿಫಿಕೇಷನ್, ಕಂಪನಿಯದ್ದೇ ಆ್ಯಪ್ ಸ್ಟೋರ್ ಒಂದು, ಗೇಮ್ ಒಂದು. "ಮಗ, ನಾನು ಒತ್ತದೆಯೇ ಎಂತದೋ ಓಪನ್ ಆಗ್ತದೆ, ನನಗೆ ಹೆದರಿಕೆ ಆಗ್ತದೆ" ಅಂತ ಹೇಳ್ತಿದ್ರು. ಆ ಹೆದರಿಕೆ ಸುಮ್ಮನೆ ಅಲ್ಲ, ವಯಸ್ಸಾದವರು ಇಂಥ ನೋಟಿಫಿಕೇಷನ್ ಒತ್ತಿಯೇ ಮೋಸ ಹೋಗುದು. ಸೆಟ್ಟಿಂಗ್ಸಲ್ಲಿ ಕೆಲವಕ್ಕೆ ಡಿಸೇಬಲ್ ಬಟನ್ ಇತ್ತು, ಕೆಲವಕ್ಕೆ ಅದೂ ಇಲ್ಲ. 2022ರ ಅಕ್ಟೋಬರಲ್ಲಿ ನಮ್ಮ ಸ್ಪರ್ಧಾ ಆಯೋಗ ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿದ ಆದೇಶದಲ್ಲೇ ಗೂಗಲಿನ ಮೊದಲೇ ತುಂಬಿಸಿಟ್ಟ ಆ್ಯಪ್‌ಗಳನ್ನು ತೆಗೀಲಿಕ್ಕೆ ಗ್ರಾಹಕರನ್ನು ತಡೀಬಾರ್ದು ಅಂತ ಇತ್ತು, ಆದ್ರೆ ಅಮ್ಮನಿಗೆ ಉಪದ್ರ ಕೊಡ್ತಿದ್ದದ್ದು ಗೂಗಲಿನವು ಅಲ್ಲ, ಫೋನ್ ಮಾಡಿದ ಕಂಪನಿಯವು. ಅದಕ್ಕೆ ಸೆಟ್ಟಿಂಗ್ಸಲ್ಲಿ ಮದ್ದು ಇರ್ಲಿಲ್ಲ.

ಎರಡನೇ ದಾರಿಗೆ ಹೋದದ್ದು ಹಾಗೆ, ಮತ್ತೆ ಇದನ್ನೇ ನಾನು ಜಾಸ್ತಿ ಹೇಳ್ಲಿಕ್ಕೆ ಬಯಸುದು. ಎಡಿಬಿ, ಅಂದ್ರೆ ಕಂಪ್ಯೂಟರಿಂದ ಫೋನಿಗೆ ಕಮಾಂಡ್ ಕೊಡುವ ಸಾಧನ. ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಯಾವ ಸಾಫ್ಟ್‌ವೇರ್ ಓಡ್ಬೇಕು ಅಂತ ನೋಡುವ ಭಾಗ) ಮುಟ್ಟುದಿಲ್ಲ, ರೂಟ್ ಇಲ್ಲ, ಡೇಟಾ ಹೋಗುದಿಲ್ಲ. ಅಬೌಟ್ ಫೋನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದ್ರೆ ಡೆವಲಪರ್ ಆಪ್ಷನ್ಸ್ ತೆರೀತದೆ, ಅದರಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಕೇಬಲಲ್ಲಿ ಕಂಪ್ಯೂಟರಿಗೆ ಹಾಕಿ, ಪಿಎಂ ಅನ್‌ಇನ್‌ಸ್ಟಾಲ್ ಅಂತ ಶುರುವಾಗುವ ಒಂದು ಸಾಲಿನ ಕಮಾಂಡ್ ಕೊಡುದು. ಅದರಲ್ಲಿ ಯೂಸರ್ 0 ಅನ್ನುವ ಭಾಗ ಬೇಕೇ ಬೇಕು, ಇಲ್ಲದಿದ್ರೆ ಫೋನ್ ಒಪ್ಪುದಿಲ್ಲ, ಯಾಕೆಂದ್ರೆ ನಾವು ನಿಜವಾಗಿ ಆ್ಯಪನ್ನು ಫೋನಿಂದ ಅಳಿಸ್ತಿಲ್ಲ, ಈ ಬಳಕೆದಾರನಿಗೆ ಇದು ಬೇಡ ಅಂತ ಹೇಳ್ತಿರುದು ಅಷ್ಟೇ. ಮೂಲ ಫೈಲ್ ಸಿಸ್ಟಮ್ ಭಾಗದಲ್ಲಿ ಹಾಗೇ ಇರ್ತದೆ. ಅದರಿಂದ ಒಂದು ನಷ್ಟ, ಆ ಜಾಗ ನಮಗೆ ವಾಪಸ್ ಸಿಗುದಿಲ್ಲ, ಹೋಗುದು ಆ್ಯಪಿನ ಡೇಟಾ ಮಾತ್ರ. ಒಂದು ಲಾಭ, ತಪ್ಪಿ ಬೇಕಾದದ್ದನ್ನು ತೆಗೆದ್ರೆ ಇನ್ನೊಂದು ಕಮಾಂಡಲ್ಲಿ ವಾಪಸ್ ತರಬಹುದು, ಫ್ಯಾಕ್ಟರಿ ರಿಸೆಟ್ ಮಾಡಿದ್ರೂ ಎಲ್ಲ ಬರ್ತದೆ.

ಮಳೆಗಾಲದ ಒಂದು ಸಂಜೆ, ಕರೆಂಟ್ ಹೋಗಿ ಬಂದು ಮಾಡ್ತಿತ್ತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಕೂತು 20 ಚಿಲ್ರೆ ಆ್ಯಪ್ ತೆಗೆದೆ. ಒಟ್ಟಿಗೆ ತೆಗೀಲಿಲ್ಲ, ಐದೈದು ತೆಗೆದು ಫೋನ್ ರೀಸ್ಟಾರ್ಟ್ ಮಾಡಿ ಕಾಲ್, ಕ್ಯಾಮೆರಾ, ಕೀಬೋರ್ಡ್ ನೋಡಿ ಆಮೇಲೆ ಮುಂದಿನ ಐದು. ದಯವಿಟ್ಟು ಹೀಗೇ ಮಾಡಿ. ಹೆಸರು ನೋಡಿ ಬೇಡದ್ದು ಅನ್ನಿಸುವ ಕೆಲವು ಪ್ಯಾಕೇಜ್‌ಗಳನ್ನು ಸಿಸ್ಟಮ್ ಬಿಟ್ಟಿರುದಿಲ್ಲ, ಅಂಥದ್ದನ್ನು ತೆಗೆದ್ರೆ ಫೋನ್ ಕಂಪನಿಯ ಲೋಗೋ ತೋರಿಸ್ತಾ ಅಲ್ಲೇ ತಿರುಗ್ತಾ ಇರ್ತದೆ, ಆಗ ಫೋನಿನ ರಿಕವರಿ ಮೆನುವಿಗೆ ಹೋಗಿ ರಿಸೆಟ್ ಮಾಡುದು ಬಿಟ್ಟು ಬೇರೆ ದಾರಿ ಕಷ್ಟ. ಕೆಲಸ ಮುಗಿದ ಮೇಲೆ ಯುಎಸ್‌ಬಿ ಡಿಬಗ್ಗಿಂಗ್ ಮತ್ತೆ ಡೆವಲಪರ್ ಆಪ್ಷನ್ಸ್ ಎರಡನ್ನೂ ಆಫ್ ಮಾಡ್ಬೇಕು, ಅದು ಆನ್ ಇದ್ರೆ ಕೆಲವು ಬ್ಯಾಂಕ್ ಆ್ಯಪ್ ತೆರೀಲಿಕ್ಕೇ ಒಪ್ಪುದಿಲ್ಲ. ಅಮ್ಮನ ಫೋನು ಈಗ ಸುಮಾರು ಒಂದು ವರ್ಷದಿಂದ ಹೀಗೇ ಉಂಟು. ಕಂಪನಿಯ ಅಪ್ಡೇಟ್ ಬರ್ತದೆ, ಒಂದು ಸಲ ಅಪ್ಡೇಟಿನ ಒಟ್ಟಿಗೆ ಎರಡು ಆ್ಯಪ್ ವಾಪಸ್ ಬಂದಿತ್ತು, ಮತ್ತೆ ತೆಗೆದೆ. ಹೆದರಿಕೆಯ ಮಾತು ಆಮೇಲೆ ಬರ್ಲಿಲ್ಲ.

ಮೂರನೇದು ರೂಟ್, ಇದನ್ನು ಮಾಡಿದ್ದು ನಾನು ದಿನಾ ಬಳಸುವ ಫೋನಿಗೆ. ನನಗೆ ಬೇಕಿದ್ದದ್ದು ಎರಡು, ಪೂರ್ತಿ ಬ್ಯಾಕಪ್ ಮತ್ತೆ ಚಾರ್ಜ್ 80 ಪರ್ಸೆಂಟಲ್ಲಿ ನಿಲ್ಲಿಸುದು, ನನ್ನ ಮಾಡೆಲಲ್ಲಿ ಆ ಸೆಟ್ಟಿಂಗ್ ಇಲ್ಲ. ರೂಟ್ ಮಾಡ್ಬೇಕಾದ್ರೆ ಮೊದಲು ಬೂಟ್‌ಲೋಡರ್ ಅನ್‌ಲಾಕ್ ಆಗ್ಬೇಕು, ಅನ್‌ಲಾಕ್ ಮಾಡಿದ ಕೂಡ್ಲೇ ಫೋನಲ್ಲಿದ್ದದ್ದೆಲ್ಲ ಅಳಿಸಿ ಹೋಗ್ತದೆ. ಇದು ಶಿಕ್ಷೆ ಅಂತ ಕೆಲವರು ತಿಳ್ಕೊಳ್ತಾರೆ, ಅಲ್ಲ, ಬಸ್ಸಲ್ಲಿ ನಿಮ್ಮ ಫೋನ್ ಕದ್ದವ ಅನ್‌ಲಾಕ್ ಮಾಡಿ ನಿಮ್ಮ ಫೋಟೋ ನೋಡಬಾರ್ದು ಅಂತಲೇ ಹಾಗೆ ಮಾಡಿದ್ದು. ಕೆಲವು ಕಂಪನಿಗಳು ಅರ್ಜಿ ಹಾಕಿ ದಿನಗಟ್ಟಲೆ ಕಾಯಿಸ್ತವೆ, ಕೆಲವು ಬಿಡುದೇ ಇಲ್ಲ, ಸ್ಯಾಮ್‌ಸಂಗ್ ಫೋನುಗಳಲ್ಲಿ ನಾಕ್ಸ್ ಅಂತ ಒಂದು ಫ್ಯೂಸ್ ಉಂಟು, ಹೊರಗಿನ ಸಾಫ್ಟ್‌ವೇರ್ ಹಾಕಿದ್ರೆ ಅದು ಶಾಶ್ವತವಾಗಿ ಸುಟ್ಟು ಹೋಗ್ತದೆ, ಆಮೇಲೆ ಮೂಲ ಸಾಫ್ಟ್‌ವೇರ್ ಹಾಕಿದ್ರೂ ಸೆಕ್ಯೂರ್ ಫೋಲ್ಡರ್ ಬರುದಿಲ್ಲ.

ಅನ್‌ಲಾಕ್ ಆಯ್ತು, ರೂಟ್ ಕೊಡುವ ಮ್ಯಾಜಿಸ್ಕ್ ಅನ್ನುವ ಆ್ಯಪ್ ಹಾಕಿದೆ, ಬೂಟ್ ಇಮೇಜನ್ನು (ಫೋನ್ ಶುರುವಾಗುವ ಫೈಲು) ಅದರಿಂದ ತಿದ್ದಿ ಫಾಸ್ಟ್‌ಬೂಟ್ ಅನ್ನುವ ಮೋಡಲ್ಲಿ ಕಂಪ್ಯೂಟರಿಂದ ಫೋನಿಗೆ ಹಾಕುದು, ಅರ್ಧ ಗಂಟೆಯ ಕೆಲಸ. ಮೊದಲ ಎರಡು ವಾರ ಭಾರಿ ಖುಷಿ. ಆಮೇಲೆ ಶುರುವಾಯ್ತು. ಪೇಮೆಂಟ್ ಆ್ಯಪ್ ಒಂದಿನ ನಡೀತದೆ, ಇನ್ನೊಂದಿನ ಇಲ್ಲ. ಬ್ಯಾಂಕ್ ಆ್ಯಪಿನಿಂದ ರೂಟನ್ನು ಅಡಗಿಸ್ಲಿಕ್ಕೆ ಒಂದು ಮಾಡ್ಯೂಲ್, ಆ ಮಾಡ್ಯೂಲ್ ನಡೀಲಿಕ್ಕೆ ಇನ್ನೊಂದು, ಗೂಗಲ್ ಪ್ಲೇ ಸರ್ವಿಸಸ್ ಅಪ್ಡೇಟ್ ಆದ್ರೆ ಎರಡೂ ಬಿದ್ದು ಹೋಗುದು. ಫೋನಿನ ಸಾಫ್ಟ್‌ವೇರ್ ತಿದ್ದಿದ್ದಾರಾ ಅಂತ ಆ್ಯಪ್‌ಗಳಿಗೆ ಹೇಳುವ, ಮೊದಲು ಸೇಫ್ಟಿನೆಟ್ ಅಂತ ಇದ್ದ ಗೂಗಲಿನ ಪರೀಕ್ಷೆಯ ಜಾಗಕ್ಕೆ ಈಗ ಪ್ಲೇ ಇಂಟೆಗ್ರಿಟಿ ಬಂದಿದೆ, ಅದು ಫೋನಿನ ಚಿಪ್ಪೊಳಗೆ ಇರುವ ಕೀಯಿಂದಲೇ ಸಹಿ ಕೇಳ್ತದೆ, ಬೂಟ್‌ಲೋಡರ್ ತೆರೆದಿದೆ ಅಂತ ಆ ಚಿಪ್ಪೇ ಹೇಳಿ ಬಿಡ್ತದೆ, ಸಾಫ್ಟ್‌ವೇರಲ್ಲಿ ಎಷ್ಟು ಮುಚ್ಚಿದ್ರೂ ಪ್ರಯೋಜನ ಇಲ್ಲ. ಬೇರೆ ಯಾವುದೋ ಫೋನಿಂದ ಸೋರಿದ ಕೀಬಾಕ್ಸ್ (ಅಂಥ ಕೀಗಳ ಫೈಲ್) ಹಾಕಿಕೊಳ್ಳುವವರು ಇದ್ದಾರೆ, ಗೂಗಲ್ ಅದನ್ನು ರದ್ದು ಮಾಡಿದ ದಿನ ಮತ್ತೆ ಹುಡುಕ್ಬೇಕು. ಗುರ್ತು ಪರಿಚಯ ಇಲ್ಲದವರು ಕೊಟ್ಟ ಫೈಲನ್ನು ನನ್ನ ಬ್ಯಾಂಕ್ ಇರುವ ಫೋನಿಗೆ ಹಾಕ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ.

ನಿರ್ಧಾರ ಆದದ್ದು ಉಡುಪಿಯ ಮೀನು ಮಾರ್ಕೆಟ್ಟಲ್ಲಿ. ಬಂಗುಡೆ ತಕೊಂಡು, ಅವರು ಕ್ಲೀನ್ ಮಾಡಿ ಕೊಟ್ಟೂ ಆಗಿದೆ, ಸ್ಕ್ಯಾನ್ ಮಾಡಿದ್ರೆ ಈ ಡಿವೈಸ್ ಸುರಕ್ಷಿತ ಅಲ್ಲ ಅಂತ ಬಂತು. ಕಿಸೆಯಲ್ಲಿ ಹತ್ತು ರೂಪಾಯಿ ಇರ್ಲಿಲ್ಲ, ಹಿಂದೆ ಜನ ನಿಂತಿದ್ದಾರೆ. ಆ ಅಕ್ಕ "ನಾಳೆ ಕೊಡಿ ಮಾರಾಯ್ರೆ, ಎಲ್ಲಿ ಓಡಿ ಹೋಗ್ತೀರಿ" ಅಂದ್ರು. ಮರುದಿನ ಬೆಳಿಗ್ಗೆ ಹೋಗಿ ಕೊಟ್ಟು ಬಂದೆ, ಅದೇ ವಾರ ಮೂಲ ಸಾಫ್ಟ್‌ವೇರ್ ಹಾಕಿ ಬೂಟ್‌ಲೋಡರ್ ವಾಪಸ್ ಲಾಕ್ ಮಾಡಿದೆ. ಲಾಕ್ ಮಾಡುವಾಗ ಮತ್ತೊಮ್ಮೆ ಡೇಟಾ ಹೋಗ್ತದೆ. ಲಾಕ್ ಮಾಡುವ ಮೊದಲು ಫೋನಲ್ಲಿರುದು ಪೂರ್ತಿ ಕಂಪನಿಯದ್ದೇ ಸಾಫ್ಟ್‌ವೇರ್ ಅಂತ ಎರಡು ಸಲ ನೋಡಿಕೊಳ್ಳಿ, ಬದಲಾದದ್ದು ಒಂದು ಉಳಿದಿದ್ರೂ ಫೋನ್ ಏಳುದಿಲ್ಲ. ನಾಲ್ಕು ತಿಂಗಳಲ್ಲಿ ಸಿಕ್ಕಿದ ಲಾಭ ಚಾರ್ಜ್ ಮಿತಿ ಮತ್ತೆ ಬ್ಯಾಕಪ್. ದಿನಾ ಹಣ ಕೊಡುವ ಫೋನಿಗೆ ಈಗಿನ ಕಾಲದಲ್ಲಿ ರೂಟ್ ಬೇಡ, ಇದನ್ನು ನಾನು ಗಟ್ಟಿಯಾಗಿಯೇ ಹೇಳ್ತೇನೆ.

ನಾಲ್ಕನೇದು ಡ್ರಾಯರಲ್ಲಿ ಬಿದ್ದಿದ್ದ ಫೋನು. ಆಂಡ್ರಾಯ್ಡ್ 9ರಲ್ಲಿ ಕಂಪನಿ ಕೈ ಬಿಟ್ಟದ್ದು. ಸ್ಕ್ರೀನ್ ಒಳ್ಳೇದುಂಟು, ಬ್ಯಾಟರಿ ಬದಲಿಸಿದ್ದೇನೆ, ಆದ್ರೆ ಅಪ್ಡೇಟ್ ಇಲ್ಲ, ಒಂದೊಂದೇ ಆ್ಯಪ್ ಇದು ಹಳೇ ವರ್ಷನ್ ಅಂತ ಹೇಳ್ಲಿಕ್ಕೆ ಶುರು ಮಾಡಿತ್ತು. ಇದಕ್ಕೆ ಹಾಕಿದ್ದು ಲಿನಿಯೇಜ್ ಒಎಸ್, ಆಂಡ್ರಾಯ್ಡಿಂದಲೇ ಹೊರಗಿನವರು ಮಾಡಿದ ಸಾಫ್ಟ್‌ವೇರ್, 2016ರ ಡಿಸೆಂಬರಲ್ಲಿ ಸಯನೋಜೆನ್‌ಮಾಡ್ ಅನ್ನುವ ಅಂಥದ್ದೇ ಒಂದು ನಿಂತ ಮೇಲೆ ಅದರಿಂದಲೇ ಹುಟ್ಟಿದ್ದು. ಮೊದಲು ನಾನು ಒಂದು ಗ್ರೂಪಲ್ಲಿ ಸಿಕ್ಕಿದ ಅನ್‌ಅಫಿಷಿಯಲ್ ರಾಮ್ (ಫೋನಿನ ಪೂರ್ತಿ ಸಾಫ್ಟ್‌ವೇರಿಗೆ ಹೇಳುವ ಹೆಸರು) ಹಾಕಿದೆ, ನೋಡ್ಲಿಕ್ಕೆ ಚಂದ ಇತ್ತು, ಆದ್ರೆ ವೋಲ್ಟಿ (4ಜಿಯಲ್ಲೇ ಕಾಲ್ ಹೋಗುವ ವ್ಯವಸ್ಥೆ) ಇಲ್ಲ. ಆ ಫೋನಲ್ಲಿದ್ದ ಸಿಮ್ಮು 4ಜಿ ಮಾತ್ರ ಇರುವ ನೆಟ್‌ವರ್ಕಿನದ್ದು, ವೋಲ್ಟಿ ಇಲ್ಲದಿದ್ರೆ ಕಾಲ್ ಹೋಗುದೂ ಇಲ್ಲ, ಬರುದೂ ಇಲ್ಲ, ನೆಟ್ ಮಾತ್ರ ನಡೀತದೆ. ಯಾವ ರಾಮ್ ಹಾಕುವ ಮೊದಲೂ ನಮ್ಮವರು ನೋಡ್ಬೇಕಾದ ಮೊದಲ ವಿಷಯ ಇದು, ಹೊರದೇಶದವರು ಮಾಡಿದ ವಿಡಿಯೋದಲ್ಲಿ ಇದರ ಸುದ್ದಿಯೇ ಇರುದಿಲ್ಲ.

ಆಮೇಲೆ ಲಿನಿಯೇಜಿನ ಅಫಿಷಿಯಲ್ ಪಟ್ಟಿಯಲ್ಲಿ ನನ್ನ ಮಾಡೆಲ್ ಉಂಟಾ ನೋಡಿದೆ, ಇತ್ತು, ಆಂಡ್ರಾಯ್ಡ್ 13ರ ಮೇಲಿನ ಲಿನಿಯೇಜ್ 20 ಹಾಕಿದೆ. ಗೂಗಲ್ ಆ್ಯಪ್‌ಗಳು ಅದರಲ್ಲಿ ಇರುದಿಲ್ಲ, ಬೇಕಾದವರು ಬೇರೆ ಪ್ಯಾಕೇಜ್ ಹಾಕ್ಬೇಕು, ಅದೂ ಮೊದಲ ಸಲ ಫೋನ್ ಆನ್ ಆಗುವ ಮುಂಚೆಯೇ. ನನಗೆ ಗೊತ್ತಿರದೆ ಮೊದಲು ಆನ್ ಮಾಡಿ ಆಮೇಲೆ ಹಾಕಿ ಪ್ಲೇ ಸ್ಟೋರ್ ಕ್ರ್ಯಾಶ್ ಆಗ್ತಾ ಇತ್ತು, ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದೆ. ಕಾಲ್ ಸರಿ, ವೋಲ್ಟಿ ಸರಿ, ಬ್ಲೂಟೂತ್ ಸರಿ. ಮೊದಲು 32 ಜಿಬಿಯಲ್ಲಿ 9 ಖಾಲಿ ಇದ್ದದ್ದು ಈಗ 18 ಚಿಲ್ರೆ ಖಾಲಿ. ಫೋನ್ ತೆರೆದ್ರೆ ನಾನು ಹಾಕಿದ್ದು ಬಿಟ್ಟು ಬೇರೆ ಎಂತದೂ ಇಲ್ಲ, ಅದರ ಸಮಾಧಾನ ಬೇರೆಯೇ.

ಕಳ್ಕೊಂಡದ್ದೂ ಉಂಟು. ಕ್ಯಾಮೆರಾ ಮೊದಲಿನ ಹಾಗಿಲ್ಲ, ಕಂಪನಿಯ ಪ್ರೊಸೆಸಿಂಗ್ ಹೋದದ್ದರಿಂದ ರಾತ್ರಿ ಬಯಲಾಟದ ಫೋಟೋ ತೆಗೆದ್ರೆ ವೇಷದ ಬಣ್ಣ ಎಲ್ಲ ಕಲಸಿ ಬರ್ತದೆ. ವಿಡಿಯೋ ಕಾಪಿ ಆಗದ ಹಾಗೆ ಕಾಯುವ ವೈಡ್‌ವೈನ್ ಅನ್ನುವ ವ್ಯವಸ್ಥೆಯ ಮಟ್ಟ ಎಲ್1 ಇದ್ದದ್ದು ಎಲ್3ಗೆ ಇಳೀತು, ಹಾಗಾಗಿ ನೆಟ್‌ಫ್ಲಿಕ್ಸ್‌ನಂಥದ್ದರಲ್ಲಿ ಎಚ್‌ಡಿ ಸಿಗುದಿಲ್ಲ, ಯೂಟ್ಯೂಬಿಗೆ ತೊಂದರೆ ಇಲ್ಲ. ಆಂಡ್ರಾಯ್ಡಿನ ಸೆಕ್ಯೂರಿಟಿ ಪ್ಯಾಚ್ ಬರ್ತದೆ, ಆದ್ರೆ ಚಿಪ್ ಕಂಪನಿ ಕೊಡುವ ಫರ್ಮ್‌ವೇರ್ ಭಾಗ ಹಳೇದೇ, ಅದನ್ನು ಹೊರಗಿನವರಿಗೆ ಸರಿ ಮಾಡ್ಲಿಕ್ಕೆ ಆಗುದಿಲ್ಲ. ಬೂಟ್‌ಲೋಡರ್ ತೆರೆದೇ ಇರ್ತದೆ, ಪ್ರತೀ ಸಲ ಆನ್ ಮಾಡುವಾಗ ಎಚ್ಚರಿಕೆಯ ಸ್ಕ್ರೀನ್ ಬರ್ತದೆ. ಬೇರೆ ಸಾಫ್ಟ್‌ವೇರ್ ಹಾಕಿ ಮತ್ತೆ ಲಾಕ್ ಮಾಡ್ಲಿಕ್ಕೆ ಆಗುದು ತುಂಬ ಕಡಿಮೆ ಫೋನುಗಳಲ್ಲಿ, ಪಿಕ್ಸೆಲ್ ಇದ್ದವರು ಗ್ರಾಫೀನ್ ಒಎಸ್ ಹಾಕಿ ಲಾಕ್ ಮಾಡಬಹುದು. ನಾನು ಈ ಫೋನಲ್ಲಿ ಬ್ಯಾಂಕ್, ಯುಪಿಐ ಹಾಕ್ಲೇ ಇಲ್ಲ. ಯಕ್ಷಗಾನ, ರೇಡಿಯೋ, ಪುಸ್ತಕ ಓದುದು, ಬಸ್ಸಲ್ಲಿ ಮಂಗಳೂರಿಗೆ ಹೋಗುವಾಗ ಹಾಟ್‌ಸ್ಪಾಟ್, ಇಷ್ಟಕ್ಕೆ ಎಂಟು ತಿಂಗಳಿಂದ ಒಂದು ತೊಂದರೆ ಕೊಡ್ಲಿಲ್ಲ. ಕಸಕ್ಕೆ ಹೋಗ್ಬೇಕಿದ್ದದ್ದು.

ಐಫೋನ್ ಬಗ್ಗೆ ಚಿಕ್ಕದಾಗಿ. ದುಬೈಯಲ್ಲಿರುವ ಅಣ್ಣ ಬಿಟ್ಟು ಹೋದ ಐಫೋನ್ 7ಕ್ಕೆ ಜೈಲ್‌ಬ್ರೇಕ್ (ಐಫೋನಿನ ರೂಟ್ ಅನ್ನಬಹುದು) ಮಾಡಿ ನೋಡಿದೆ. 2019ರಲ್ಲಿ ಹೊರಗೆ ಬಂದ ಚೆಕ್‌ಎಮ್8 ಅನ್ನುವ ದೋಷ ಚಿಪ್ಪಿನ ಬೂಟ್‌ರಾಮಲ್ಲೇ (ಚಿಪ್ಪೊಳಗೆ ಬದಲಿಸ್ಲಿಕ್ಕೆ ಆಗದ ಹಾಗೆ ಬರೆದ ಶುರುವಿನ ಕೋಡು) ಇರುದು, ಐಫೋನ್ 4ಎಸ್‌ನಿಂದ ಐಫೋನ್ ಎಕ್ಸ್‌ವರೆಗಿನವಕ್ಕೆ ಆ್ಯಪಲ್ ಅದನ್ನು ಅಪ್ಡೇಟಿಂದ ಮುಚ್ಚಲಿಕ್ಕೆ ಆಗುದಿಲ್ಲ. ಆದ್ರೆ ಫೋನ್ ಒಮ್ಮೆ ಆಫ್ ಆಗಿ ಆನ್ ಆದ್ರೆ ಜೈಲ್‌ಬ್ರೇಕ್ ಹೋಗ್ತದೆ, ಮತ್ತೆ ಕಂಪ್ಯೂಟರಿಗೆ ಹಾಕ್ಬೇಕು. ಮತ್ತೆ ಮುಖ್ಯವಾದದ್ದು, ಇದರಿಂದ ಹೊಸ ಐಒಎಸ್ ಬರುದಿಲ್ಲ. ಹಳೇ ಆಂಡ್ರಾಯ್ಡಿಗೆ ಆಯುಷ್ಯ ಕೊಡುವ ಹಾಗೆ ಇದು ಕೊಡುದಿಲ್ಲ, ಹಾಗಾಗಿ ಒಂದು ವಾರದಲ್ಲಿ ಬಿಟ್ಟೆ.

ಈಗ ಭಾವನ ವಿಷಯ. ಅವರದ್ದು ಐಸಿನ ವ್ಯವಹಾರ, ಸೀಸನಲ್ಲಿ ಬೆಳಗ್ಗಿನ ಜಾವದಿಂದ ಬೋಟಿನವರ ಪೇಮೆಂಟ್ ಎಲ್ಲ ಆ ಒಂದು ಫೋನಲ್ಲೇ. ಅದನ್ನು ನಾನು ಅನ್‌ಲಾಕ್ ಮಾಡುದಿಲ್ಲ. ಅಪ್ಡೇಟ್ ನಿಂತ ಫೋನಲ್ಲಿ ಅಷ್ಟು ಹಣ ಓಡಾಡುದೂ ನನಗೆ ಸರಿ ಕಾಣುದಿಲ್ಲ. ಹಾಗಾಗಿ ನಿನ್ನೆ ರಾತ್ರಿ ಹೇಳಿದೆ, "ಭಾವ, ಸಿಮ್ಮು ಮತ್ತೆ ಬ್ಯಾಂಕ್ ಒಂದು ಸಾದಾ ಹೊಸ ಫೋನಿಗೆ ಹಾಕಿ, ಅದರ ಬೇಡದ ಆ್ಯಪ್‌ಗಳನ್ನು ನಾನು ಎಡಿಬಿಯಲ್ಲಿ ತೆಗೆದು ಕೊಡ್ತೇನೆ. ಹಳೇದನ್ನು ನನಗೆ ಕೊಡಿ, ಅದರ ಮಾಡೆಲ್ ಲಿನಿಯೇಜ್ ಪಟ್ಟಿಯಲ್ಲಿ ಉಂಟು, ಮಗಳಿಗೆ ಓದ್ಲಿಕ್ಕೆ ಆಗ್ತದೆ." ಜುಲೈ 31ರವರೆಗೆ ಟ್ರಾಲಿಂಗ್ ರಜೆ, ಬೋಟೆಲ್ಲ ದಡದಲ್ಲೇ ಉಂಟು, ಅವರಿಗೂ ಪುರುಸೊತ್ತು. ಆದಿತ್ಯವಾರ ಫೋನ್ ತರ್ತಾರೆ, ಬರುವ ಮೊದಲು ವಾಟ್ಸಾಪ್ ಬ್ಯಾಕಪ್ ತೆಗ್ದಿಡ್ಲಿಕ್ಕೆ ಅಕ್ಕನಿಗೆ ಹೇಳಿದ್ದೇನೆ.