ಜಗಳದ ಕಥೆಯನ್ನೂ ಹೇಳುವ ಗೈಡ್: ಹಳೇಬೀಡಿನಿಂದ ಬೆಳಗೊಳದವರೆಗೆ ಒಂದು ದಿನ

ಹಾಸನದವರು ಹಳೇಬೀಡಿಗೆ ಗೈಡ್ ಮಾಡಿಕೊಂಡು ಹೋಗುವುದು ಕಡಿಮೆ. ನೆಂಟರು ಬಂದರೆ ನಾವೇ ಗೈಡ್. ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಹೋಗಬೇಕಿತ್ತು. ಪರಿಚಯದವರೊಬ್ಬರು ಒಂದು ನಂಬರ್ ಕೊಟ್ಟು, "ಇವರು ಶಾಸನ ಓದಿ ಹೇಳ್ತಾರೆ, ಒಂದ್ಸಲ ಹೋಗಿ ನೋಡಿ" ಅಂದರು. ಇಡೀ ದಿನಕ್ಕೆ 2,000 ರೂಪಾಯಿ, ಕಾರು ನಮ್ಮದು. ಬೆಳಿಗ್ಗೆ ಹಳೇಬೀಡು, ಮಧ್ಯಾಹ್ನದ ಮೇಲೆ ಶ್ರವಣಬೆಳಗೊಳ.

ಹೊಯ್ಸಳೇಶ್ವರನ ಗುಡಿಯಲ್ಲಿ ಎಲ್ಲರೂ ತೋರಿಸುವುದನ್ನೇ ಇವರೂ ತೋರಿಸಿದರು. ಚೆನ್ನಾಗಿಯೇ ತೋರಿಸಿದರು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಾನು ಬರೆಯಬೇಕು ಅಂದುಕೊಂಡಿದ್ದು ಅಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿರುವ ಬಸ್ತಿಹಳ್ಳಿಯ ಬಗ್ಗೆ. ಅಲ್ಲಿ ಮೂರು ಜೈನ ಬಸದಿಗಳಿವೆ. ಅರ್ಧಕ್ಕರ್ಧ ಜನ ಅಲ್ಲಿಗೆ ಹೋಗುವುದೇ ಇಲ್ಲ.

ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಹತ್ತಿರ ನಿಂತರೆ ಮುಖ ಉದ್ದ ಕಾಣುತ್ತದೆ, ಸ್ವಲ್ಪ ಸರಿದರೆ ಬೇರೆ ಥರ ಕಾಣುತ್ತದೆ. ಚಿಕ್ಕವಳಿದ್ದಾಗ ಶಾಲೆಯಿಂದ ಬಂದಾಗ ನಾವು ನೋಡಿದ್ದು ಅಷ್ಟೇ. ಈ ಗೈಡ್ ಕಂಬದ ಮುಂದೆ ನಮ್ಮನ್ನು ನಿಲ್ಲಿಸಿ, ಚೀಲದಿಂದ ಜೆರಾಕ್ಸ್ ಹಾಳೆಗಳ ಒಂದು ಕಟ್ಟು ತೆಗೆದರು. ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ, ಬಿ.ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಶಾಸನಗಳನ್ನು ಸೇರಿಸಿ 1902ರಲ್ಲಿ ತಂದಿದ್ದು. ಹಾಳೆಗಳ ಅಂಚು ಬೆವರಿಗೆ ಮೆತ್ತಗಾಗಿತ್ತು. ಅಲ್ಲಲ್ಲಿ ಕೆಂಪು ಪೆನ್ನಿನ ಗೆರೆ.

ಈ ಬಸದಿಯನ್ನು ಹೊಯ್ಸಳ ರಾಜ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು, 1133ರಲ್ಲಿ. ಅರ್ಚಕರು ಪ್ರತಿಷ್ಠೆಯ ಪ್ರಸಾದ ತೆಗೆದುಕೊಂಡು ವಿಷ್ಣುವರ್ಧನನ ಹತ್ತಿರ ಹೋದಾಗ ಅವನಿಗೆ ಯುದ್ಧದಲ್ಲಿ ಗೆಲುವಾಗಿತ್ತು, ಗಂಡು ಮಗುವೂ ಹುಟ್ಟಿತ್ತು. ಆ ಖುಷಿಗೆ ದೇವರಿಗೆ ವಿಜಯ ಪಾರ್ಶ್ವ ಅಂತ, ಮಗನಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟ. ಜೈನಧರ್ಮ ಬಿಟ್ಟು ವೈಷ್ಣವನಾದ ಅಂತ ನಾವು ಶಾಲೆಯಲ್ಲಿ ಓದಿದ ರಾಜ ಇವನೇ ಅಲ್ವಾ?

ಆಮೇಲೆ ಗೈಡ್ 1638ಕ್ಕೆ ಬಂದರು. ಆ ಹೊತ್ತಿಗೆ ಈ ಕಡೆ ವೀರಶೈವರ ಬಲ ಜಾಸ್ತಿಯಾಗಿತ್ತು. ಹುಚ್ಚಪ್ಪ ದೇವ ಎನ್ನುವವರು ಇದೇ ಬಸದಿಯ ಕಂಬಗಳಿಗೆ ಲಿಂಗಮುದ್ರೆ ಹಾಕಿದರು. ಜೈನರು ಅದನ್ನು ಅಳಿಸಿದರು. ಜಗಳ ದೊಡ್ಡದಾಯಿತು. ಎರಡೂ ಕಡೆಯ ಹಿರಿಯರು ಕೂತು ತೀರ್ಮಾನ ಮಾಡಿದರು. ಜೈನರು ಮೊದಲು ವಿಭೂತಿ ವೀಳ್ಯ ಕೊಡಿಸಬೇಕು, ಆಮೇಲೆ ತಮ್ಮ ಪದ್ಧತಿಯ ಪ್ರಕಾರ ತಮ್ಮ ದೇವರ ಪೂಜೆ ಮಾಡಿಕೊಳ್ಳಬಹುದು. ಇನ್ನು ಮುಂದೆ ಜೈನಧರ್ಮಕ್ಕೆ ಯಾರಾದರೂ ಅಡ್ಡಿ ಮಾಡಿದರೆ ಅವನು ಶಿವದ್ರೋಹಿ ಅಂತ ವೀರಶೈವ ಹಿರಿಯರೇ ಬರೆಸಿದರು.

ನಾನು ಕಂಬದ ಮೇಲೆ ಬೆರಳಾಡಿಸಿದೆ. ತಣ್ಣಗೆ, ನುಣ್ಣಗೆ ಇತ್ತು. ಮುದ್ರೆಯ ಗುರುತು ನನ್ನ ಬೆರಳಿಗೇನೂ ಸಿಗಲಿಲ್ಲ.

"ಇದೇನು ನ್ಯಾಯ? ಅವರ ಗುಡೀಲಿ ಅವರು ಪೂಜೆ ಮಾಡೋಕೆ ಮೊದಲು ಇನ್ನೊಬ್ಬರ ವಿಭೂತಿ ಯಾಕೆ?" ಅಂತ ಕೇಳಿದೆ. "ಸರಿಸಮ ಅಲ್ಲ ಮೇಡಂ. ಆದರೆ ಪೂಜೆ ನಿಲ್ಲಲಿಲ್ಲ" ಅಂದರು.

ಅಷ್ಟೊತ್ತಿಗೆ ಜಗಲಿಯ ಮೇಲೆ ಕೂತಿದ್ದ ಅಮ್ಮ, "ನಂಗೂ ಹಂಗೇ ಆಗಿತ್ತಲ್ಲೇ" ಅಂದಳು.

ಅಮ್ಮನ ತವರಿನವರು ನಾಮದವರು, ತಿರುಪತಿ ತಿಮ್ಮಪ್ಪನ ಒಕ್ಕಲು. ಅಪ್ಪನ ಮನೆಯವರು ವಿಭೂತಿಯವರು. ಮದುವೆಯಾಗಿ ಬಂದ ಮೇಲೆ ಬೆಳಿಗ್ಗೆ ವಿಭೂತಿ ಇಟ್ಟುಕೊಳ್ಳದೆ ಒಲೆ ಹಚ್ಚುವ ಹಾಗಿರಲಿಲ್ಲವಂತೆ. ತಿಮ್ಮಪ್ಪನ ಫೋಟೋ ಟ್ರಂಕಿನೊಳಗೆ ಸೀರೆಗಳ ಕೆಳಗಿತ್ತು. ಎಲ್ಲರೂ ಗದ್ದೆಗೆ ಹೋದ ಮೇಲೆ ಟ್ರಂಕ್ ತೆಗೆದು ಒಂದು ಹೂವು ಇಡುತ್ತಿದ್ದಳಂತೆ. ನನಗೆ ಈಗ 44 ವರ್ಷ. ಇದು ನನಗೆ ಗೊತ್ತಾಗಿದ್ದು ಆ ಬಸದಿಯ ಜಗಲಿಯಲ್ಲಿ. ಗೈಡ್ ಮಧ್ಯೆ ಬಾಯಿ ಹಾಕಲಿಲ್ಲ. ಹಾಳೆ ಮಡಚಿಕೊಂಡು ಸುಮ್ನೆ ನಿಂತಿದ್ದರು. ಅದಕ್ಕೇ ನನಗೆ ಅವರ ಮೇಲೆ ಗೌರವ ಬಂತು.

ಬೆಳಗೊಳದ ದಾರಿಯಲ್ಲಿ ಕಾರಿನಲ್ಲಿ ರಾಘವಾಂಕನ ಕಥೆ ಹೇಳಿದರು. ಅವನ ಸೋದರಮಾವ, ಗುರು ಹರಿಹರ. ಹರಿಹರ ಹಳೇಬೀಡಿನ ಅರಮನೆಯಲ್ಲಿ ಕರಣಿಕನಾಗಿದ್ದು, ಅದನ್ನು ಬಿಟ್ಟು ಹಂಪೆಗೆ ಹೋದ ಅಂತ ಕಥೆಯಿದೆ. ಶಿವನನ್ನು, ಶಿವಶರಣರನ್ನು ಬಿಟ್ಟು ಸಾಯುವ ಮನುಷ್ಯರ ಮೇಲೆ ಕಾವ್ಯ ಬರೆಯಬಾರದು ಎನ್ನುವುದು ಅವನ ಹಟ. ಅಳಿಯ ಹರಿಶ್ಚಂದ್ರ ಎನ್ನುವ ರಾಜನ ಮೇಲೆ ಬರೆದ. ಗುರು ಸಿಟ್ಟಿಗೆ ಪಾದುಕೆಯಿಂದ ಹೊಡೆದು ಹಲ್ಲು ಉದುರಿಸಿದ, ಆಮೇಲೆ ಶರಣರ ಕಾವ್ಯ ಬರೆದ ಹಾಗೆಲ್ಲ ಹಲ್ಲು ಬಂದವು ಅಂತ ಹೇಳುತ್ತಾರೆ. ರಾಘವಾಂಕ ಗುರುವನ್ನು ಬಿಡಲಿಲ್ಲ, ತನ್ನ ಮಾತನ್ನೂ ಬಿಡಲಿಲ್ಲ. ಹರನೇ ಸತ್ಯ, ಸತ್ಯವೇ ಹರ ಅಂದ ಮೇಲೆ ಸತ್ಯಕ್ಕಾಗಿ ಸುಡುಗಾಡು ಕಾದವನ ಕಥೆಯೂ ಶಿವನ ಕಥೆಯೇ ಆಯಿತಲ್ಲ! ಹಲ್ಲು ಕಳೆದ ಆ ಕಾವ್ಯವನ್ನೇ ಇವತ್ತಿಗೂ ಜಾಸ್ತಿ ಜನ ನೆನೆಯುವುದು.

ಅಮ್ಮನಿಗೆ ಮಂಡಿನೋವು, ಗೊಮ್ಮಟನ ಬೆಟ್ಟ ಹತ್ತುವುದು ಆಗದ ಮಾತು. ಅದಕ್ಕೆ ಊರೊಳಗಿನ ಭಂಡಾರಿ ಬಸದಿಗೆ ಹೋದೆವು. ವಿಜಯನಗರದ ರಾಜ ಬುಕ್ಕರಾಯನ 1368ರ ಶಾಸನ ಇರುವುದು ಅಲ್ಲಿ. ಭಕ್ತರಿಂದ, ಅಂದರೆ ವೈಷ್ಣವರಿಂದ, ಅನ್ಯಾಯ ಆಗ್ತಿದೆ ಅಂತ ಜೈನರು ರಾಜನಿಗೆ ದೂರು ಕೊಟ್ಟಿದ್ದರು. ಬುಕ್ಕರಾಯ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಅಂದ. ಜೈನರ ವಾದ್ಯಕ್ಕೆ, ಕಲಶಕ್ಕೆ ಯಾರೂ ತಡೆ ಮಾಡಬಾರದು ಅಂದ.

ಇಷ್ಟನ್ನು ಕೆಲವು ಪುಸ್ತಕಗಳಲ್ಲಿ ನಾನೂ ಓದಿದ್ದೆ. ಅದರ ಮುಂದಿನದು ಗೊತ್ತಿರಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ, ಅಂದರೆ ಆಗಿನ ಒಂದು ನಾಣ್ಯ, ಎತ್ತಬೇಕು. ಎತ್ತುವವನು ತಿರುಮಲೆಯ ತಾತಯ್ಯ, ವೈಷ್ಣವ. ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಜನರನ್ನು ಇಡಬೇಕು. ಮಿಕ್ಕ ದುಡ್ಡಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಭೇದವಿಲ್ಲ ಅಂತ ಬಾಯಲ್ಲಿ ಹೇಳಿ ಬಿಡಲಿಲ್ಲ. ಕಾವಲಿಗೆ ಎಷ್ಟು ಜನ, ಸುಣ್ಣಕ್ಕೆ ಯಾವ ದುಡ್ಡು ಅಂತ ಕಲ್ಲಲ್ಲಿ ಕೊರೆಸಿದರು. ನನಗೆ ತುಂಬಾ ಹಿಡಿಸಿದ್ದು ಆ ಸುಣ್ಣ.

ಬೇಸರದ ಎರಡು ವಿಷಯವನ್ನೂ ಹೇಳಬೇಕು. ಒಂದು, ಇವರ ನಡಿಗೆ ಬಹಳ ಬಿರುಸು. ವಯಸ್ಸಾದವರು ಜೊತೆಗಿದ್ದರೆ ಮೊದಲೇ ಹೇಳಿಬಿಡಿ. ಇನ್ನೊಂದು ನನಗೆ ನಿಜವಾಗಿ ನೋವಾದದ್ದು. ವಾಪಸ್ ಬರುವಾಗ ನಾನು ಬಾನು ಮುಷ್ತಾಕ್ ಅವರ ಮಾತು ತೆಗೆದೆ. ನಮ್ಮ ಹಾಸನದವರೇ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದವರು. ಹೆಂಗಸರೂ ಮಸೀದಿಗೆ ಹೋಗಿ ನಮಾಜ್ ಮಾಡಬಹುದು ಅಂದಿದ್ದಕ್ಕೆ 2000ದಲ್ಲಿ ಅವರಿಗೆ ಬಹಿಷ್ಕಾರ ಹಾಕಿದ್ದರು. ಅದಾದ ಮೇಲೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಇದನ್ನೂ ನೀವು ಜನಕ್ಕೆ ಹೇಳಬೇಕಲ್ವಾ ಅಂತ ಕೇಳಿದೆ. "ಈಗಿನ ವಿಷಯ ಬೇಡ ಮೇಡಂ" ಅಂತ ಕಿಟಕಿ ಕಡೆ ತಿರುಗಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ದಿನಾ ನೂರು ಥರದ ಜನರ ಜೊತೆ ತಿರುಗುವವರು. ಆದರೂ 1368ರ ಜಗಳ ಅಷ್ಟು ಧೈರ್ಯವಾಗಿ ಹೇಳುವವರು ನಮ್ಮ ಕಾಲದ್ದನ್ನೂ ಹೇಳಬೇಕು ಅಂತಲೇ ನನ್ನ ಆಸೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರು ಕಾಲುಚೀಲ ತಗೊಂಡು ಹೋಗಿ, ಮಧ್ಯಾಹ್ನ ಕಲ್ಲು ಸುಡುತ್ತದೆ. ನಾವು ಬೇಲೂರಿಗೆ ಮತ್ತೆ ಇವರನ್ನೇ ಕರೆದಿದ್ದೇವೆ. ಅಮ್ಮ ಫೋನ್ ಇಸ್ಕೊಂಡು ಅವರಿಗೆ ಎರಡು ಮಾತು ಹೇಳಿದಳು. ಈ ಸಲ ನಿಧಾನಕ್ಕೆ ನಡೀಬೇಕು. ಆ ವಿಭೂತಿಯ ಹಾಳೆ ಒಂದು ಜೆರಾಕ್ಸ್ ಮಾಡಿಸ್ಕೊಂಡು ಬರಬೇಕು.