ಪ್ರಿನ್ಸಿಪಾಲ್ ಕುರ್ಚಿ: ಚಾರ್ಟರ್ ಹೈಸ್ಕೂಲೋ, ಡಿಸ್ಟ್ರಿಕ್ಟ್ ಹೈಸ್ಕೂಲೋ?

ಅಮೆರಿಕದಲ್ಲಿ ಡಿಸ್ಟ್ರಿಕ್ಟ್ ಹೈಸ್ಕೂಲು (ಸ್ಥಳೀಯ ಶಾಲಾ ಮಂಡಳಿ ನಡೆಸುವುದು), ಚಾರ್ಟರ್ ಹೈಸ್ಕೂಲು (ಚಾರ್ಟರ್ ಎಂಬ ಒಪ್ಪಂದದ ಮೇಲೆ ಸ್ವತಂತ್ರವಾಗಿ ನಡೆಯುವುದು) ಎರಡೂ ಸರ್ಕಾರಿ ದುಡ್ಡಿನಲ್ಲೇ ನಡೆಯುತ್ತವೆ, ಎರಡರಲ್ಲೂ ಫೀಸಿಲ್ಲ. ಪ್ರಿನ್ಸಿಪಾಲರ ಪಾಡು ಮಾತ್ರ ಬೇರೆ ಬೇರೆ.

ಡಿಸ್ಟ್ರಿಕ್ಟ್ ಶಾಲೆಯಲ್ಲಿ ಕಟ್ಟಡ, ಬಸ್ಸು, ಸಂಬಳ ಬಹುಪಾಲು ಮೇಲಿನ ಕಚೇರಿಯ ತಲೆನೋವು. ಆದರೆ ಪೀರಿಯಡ್ ಹೆಚ್ಚಿಸಬೇಕೆಂದರೂ ಎಷ್ಟೋ ಕಡೆ ಶಿಕ್ಷಕರ ಯೂನಿಯನ್ ಒಪ್ಪಂದ ಅಡ್ಡ ಬರುತ್ತದೆ.

ಚಾರ್ಟರ್ ಕಾನೂನು ಮೊದಲು ಬಂದದ್ದು 1991ರಲ್ಲಿ, ಮಿನ್ನೆಸೋಟದಲ್ಲಿ. ಚಾರ್ಟರ್ ಶಾಲೆಯಲ್ಲಿ ಪ್ರಿನ್ಸಿಪಾಲರಿಗೆ ಸ್ವಾತಂತ್ರ್ಯ ಹೆಚ್ಚು. ಕಾಲೇಜು ತಯಾರಿಗೆ ದಿನಾ ಒಂದು ಪೀರಿಯಡ್ ಇಡಬಹುದು. ಸಂಜೆ ಅಪ್ಪ ಅಮ್ಮನನ್ನು ಕೂರಿಸಿ, ಆದಾಯದ ಕಾಗದ ಹರಡಿಕೊಂಡು, ಕಾಲೇಜು ಖರ್ಚಿಗೆ ಸರ್ಕಾರದ ನೆರವು ಕೇಳುವ ಫ್ಯಾಫ್ಸಾ ಅರ್ಜಿ ತುಂಬಿಸಬಹುದು. ಆದರೆ ಮಕ್ಕಳು ಕಡಿಮೆಯಾದರೆ ದುಡ್ಡೂ ಕಡಿಮೆ. ಸೋರುವ ಮಾಡಿಗೂ ನೀವೇ ಹೊಣೆ. ಅರ್ಜಿ ಜಾಸ್ತಿ ಬಂದರೆ ಲಾಟರಿ. ಸುಮ್ನೆ ಜಾಣರನ್ನೇ ಆರಿಸೋಕಾಗಲ್ಲ. ಕೆಲವು ವರ್ಷಕ್ಕೊಮ್ಮೆ ಚಾರ್ಟರ್ ನವೀಕರಣವಾಗಬೇಕು, ಇಲ್ಲದಿದ್ದರೆ ಶಾಲೆಗೇ ಬೀಗ.

ಲೆಕ್ಕಪತ್ರ ಕಂಡರಾಗದವರು ಡಿಸ್ಟ್ರಿಕ್ಟ್ ಕಡೆಗೇ ಹೋಗಿ.